ನಾಮಂಜೂರು ಬಿಟ್ಟುಕೊಟ್ಟವರು

ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಕಮಲಾಪುರದ ಬಸ್ ನಿಲ್ದಾಣದೆದುರು ಒಂದು ಡಜನ್ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಕಲಬುರಗಿ ಬಸ್ಸಿಗೆ ಕಾಯುತ್ತಿದ್ದೆ. ಹಣ್ಣು ಒಯ್ಯುತ್ತಿದ್ದದ್ದು ಅವರಿಗೇ. ಫೋನಿನಲ್ಲಿ ಅವರ ಸೊಸೆ ಎರಡೇ ಮಾತು ಹೇಳಿದರು. ಹಣ್ಣಿನವಳು ನನ್ನ ಮುಖ ನೋಡಿ, "ಯಾಕ್ರೀ ಸರ್, ಕಾಯಿ ಅನಸ್ತಾವೇನು? ಎರಡು ದಿನ ಇಡ್ರಿ, ಹಣ್ಣಾಗ್ತಾವ" ಎಂದಳು. ಚಲೋ ಅದಾವವ್ವ ಎಂದು ಹೇಳಿ ಬಸ್ಸು ಹತ್ತಿದೆ. ಸಾವಿನ ಮನೆಗೆ ಹಣ್ಣಿನ ಚೀಲ ಹಿಡಿದು ಹೋಗುವುದು ಹೇಗೆ ಎಂದು ದಾರಿಯುದ್ದಕ್ಕೂ ಅದೊಂದನ್ನೇ ಯೋಚಿಸಿದೆ. ದೊಡ್ಡ ದುಃಖದ ಹೊತ್ತಿನಲ್ಲಿ ಮನಸ್ಸು ಇಂಥ ಸಣ್ಣ ವಿಷಯಕ್ಕೆ ಯಾಕೆ ಗಂಟು ಬೀಳುತ್ತದೋ ಗೊತ್ತಿಲ್ಲ. ಕೊನೆಗೆ ಚೀಲವನ್ನು ಸೀಟಿನ ಮೇಲೇ ಬಿಟ್ಟು ಇಳಿದೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಕಲಬುರಗಿಯ ಬ್ರಹ್ಮಪುರದ ಅವರ ಓಣಿಯಲ್ಲಿ ಒಂದು ವಾಚನಾಲಯವಿತ್ತು. ಅದರ ಜಾಗ ಕೊಟ್ಟವರು ಅವರ ತಂದೆ. ಕಟ್ಟಡಕ್ಕೆ ತಂದೆಯವರ ಹೆಸರಿಡೋಣ ಎಂದು ಒಮ್ಮೆ ಯಾರೋ ಸಭೆಯಲ್ಲಿ ಸೂಚಿಸಿದಾಗ ಇವರು ಬೇಡವೆಂದರು. ಬಾಗಿಲ ಮೇಲೆ ಹೆಸರು ಬಂದರೆ ನಾಳೆ ಒಳಗೆ ಮಾಲೀಕರು ಹುಟ್ಟುತ್ತಾರೆ ಎಂಬುದು ಅವರ ವಾದ. ಹೆಸರು ಬರಲಿಲ್ಲ. ಮಾಲೀಕರು ಹುಟ್ಟಿದರು. ಅದನ್ನೇ ಹೇಳಲು ಹೊರಟಿದ್ದೇನೆ.

ನಮಗೆ ಅವರು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದರು. ಅಂತರರಾಷ್ಟ್ರೀಯ ಸಂಬಂಧಗಳು ಎಂಬ ಪೇಪರು. ಬೆಳಿಗ್ಗೆ ಹತ್ತಕ್ಕೇ ಕಾದ ಹಂಚಿನಂತಾಗುತ್ತಿದ್ದ ತಗಡಿನ ಕೋಣೆಯಲ್ಲಿ ಮೂವತ್ತೈದು ಹುಡುಗರು, ಆರು ಹುಡುಗಿಯರು. ಯಾರಿಗೂ ಆ ಪೇಪರಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವರು ಮಾತ್ರ ಹೆಗಲ ಮೇಲೊಂದು ಬಿಳಿ ಟವಲು, ಕಿವಿಯ ಸಂದಿಯಲ್ಲೊಂದು ಪೆನ್ಸಿಲು ಇಟ್ಟುಕೊಂಡು ಒಳಗೆ ಬಂದು, "ಮಾನ್ಯ ಸದಸ್ಯರೇ, ಸಭೆ ಸೇರ್ಯದ, ಕೂಡ್ರಿ" ಎನ್ನುತ್ತಿದ್ದರು. ತಡವಾಗಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ನಿಮ್ಮ ದೇಶಕ್ಕೆ ಸ್ವಾತಂತ್ರ್ಯ ಈಗ ಬಂತೇ ಎಂದು ಕೇಳುವರು. ಹಾಜರಿ ಕೂಗುವಾಗ ಹೆಸರಿನ ಜೊತೆ ದೇಶ ಸೇರಿಸುವರು. ನಾನು ಮೂರು ವರ್ಷ ಬೊಲಿವಿಯ ಆಗಿದ್ದೆ. ಅದು ಎಲ್ಲಿದೆ ಎಂದು ನನಗೆ ಗೊತ್ತಾದದ್ದು ಎರಡನೆಯ ವರ್ಷದಲ್ಲಿ.

ಅವರ ಮನೆಯಲ್ಲಿ ಮರಾಠಿ, ಕನ್ನಡ ಎರಡೂ ನಡೆಯುತ್ತಿದ್ದವು. ಸಿಟ್ಟು ಬಂದರೆ ಮರಾಠಿ, ಪಾಠಕ್ಕೆ ಕನ್ನಡ, ತರಕಾರಿಯವನೊಂದಿಗೆ ಉರ್ದು. ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂಬುದರಿಂದಲೇ ಅವರ ಮನಸ್ಸು ತಿಳಿಯುತ್ತಿತ್ತು. ಚಹಾವನ್ನು ಬಸಿಗೆ ಸುರಿದುಕೊಂಡು ಅದು ಪೂರ್ತಿ ಆರುವವರೆಗೆ ಮಾತಾಡಿ, ಆಮೇಲೆ ಆರಿಹೋಯಿತು ಎಂದು ಮುಖ ಸಿಂಡರಿಸಿ ಕುಡಿಯುತ್ತಿದ್ದರು. ಪತ್ರಿಕೆಯನ್ನು ಎಂಟು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿಕೊಳ್ಳುವ ಅಭ್ಯಾಸವಿತ್ತು. ಮಾತಿನ ನಡುವೆ ಅದನ್ನು ಹೊರತೆಗೆದು, ಬಿಚ್ಚದೆಯೇ, ಮೇಲಿನ ಮಡಿಕೆಯಲ್ಲಿ ಕಾಣುವ ಅರ್ಧ ಸುದ್ದಿಯನ್ನು ತೋರಿಸಿ ವಾದ ಮಾಡುತ್ತಿದ್ದರು.

ಹೆಗಲ ಟವಲಿಗೆ ಒಂದು ಕೆಲಸವಿತ್ತು. ಭದ್ರತಾ ಮಂಡಳಿಯ ಪಾಠ ಬಂದ ದಿನ ಅವರು ನನ್ನನ್ನು ಮುಂದೆ ಕರೆದರು. ನಮ್ಮಪ್ಪ ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ಹಮಾಲ, ತೊಗರಿಯ ಚೀಲ ಹೊರುವ ಕೆಲಸ ಎಂಬುದು ಅವರಿಗೆ ಗೊತ್ತಿತ್ತು. ಹಿಂದೆ ಗಂಜಿನಲ್ಲಿ ರೇಟು ಹೇಗೆ ಕಟ್ಟುತ್ತಿದ್ದರು ಹೇಳು ಎಂದರು. ಕೊಳ್ಳುವವನೂ ದಲಾಲಿಯೂ ಟವಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ರೇಟು ಕಟ್ಟುತ್ತಿದ್ದರು, ಸುತ್ತ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ ಎಂದೆ. ಕೂಡಲೇ ಅವರು ಟವಲು ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದರು. "ಬೆರಳ ಎಷ್ಟದಾವ? ಐದು. ಅಲ್ಲಿ ಕಾಯಂ ಕುಂತ ದೇಶ ಎಷ್ಟು? ಐದು. ಈಗ ನೋಡು." ನಾಲ್ಕು ಬೆರಳನ್ನು ಮೆಲ್ಲಗೆ ಒತ್ತಿದರು. ಆಮೇಲೆ ನನ್ನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು. ಇದಕ್ಕೆ ಅರ್ಥ ನಾಮಂಜೂರು, ಸೌದಾ ಮುರಿಯಿತು, ಒಬ್ಬ ಹೆಬ್ಬೆರಳು ಹಿಡಿದರೆ ಉಳಿದ ನಾಲ್ಕು ಬೆರಳು ಒಪ್ಪಿದ್ದೂ ದಂಡ ಎಂದು ತರಗತಿಗೆ ವಿವರಿಸಿದರು. ನನ್ನ ಹೆಬ್ಬೆರಳು ಸಂಜೆಯವರೆಗೆ ನೋಯುತ್ತಿತ್ತು.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಕುಸನೂರಿನಲ್ಲಿ ನಮ್ಮ ಮನೆ. ಅಪ್ಪ ಕಟ್ಟೆಯ ಮೇಲೆ ಕಾಲು ತೊಳೆದುಕೊಳ್ಳುತ್ತಿದ್ದವನು ನಕ್ಕ. ಹೆಬ್ಬೆರಳು ಹಿಡಿಯುವುದು ಗಂಜಿನಲ್ಲಿ ಎಲ್ಲೂ ಇಲ್ಲ, ಅದು ನಿಮ್ಮ ಮಾಸ್ತರು ಕಟ್ಟಿದ್ದು ಎಂದ. ಬೇಡವಾದರೆ ಕೈ ಹೊರಗೆ ತೆಗೆಯುತ್ತಾರೆ, ಅಷ್ಟೇ. ನೀನು ಯಾವಾಗಲಾದರೂ ಟವಲಿನ ಕೆಳಗೆ ಕೈ ಇಟ್ಟಿದ್ದೀಯಾ ಎಂದು ಕೇಳಿದೆ. ಹಮಾಲನ ಕೈ ಅಲ್ಲಿಗೆ ಯಾಕೆ ಹೋಗುತ್ತದೆ, ಚೀಲ ಎತ್ತು ಅಂದಾಗ ಎತ್ತುವುದು ಎಂದ.

ಮರುದಿನ ಇದನ್ನು ಮೇಷ್ಟ್ರಿಗೆ ಹೇಳಿದೆ. ಹೆಬ್ಬೆರಳಿನ ಸಂಜ್ಞೆ ತಾವೇ ಕಟ್ಟಿದ್ದು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡರು. ನಮ್ಮಪ್ಪನ ಕೊನೆಯ ಮಾತನ್ನು ಮಾತ್ರ ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಜಗತ್ತಿನ ಮುಕ್ಕಾಲು ಪಾಲು ದೇಶಗಳ ಪರಿಸ್ಥಿತಿ ಇದೇ ಎಂದರು. ಅಂದಿನಿಂದ ಅವರಿಗೆ ನನ್ನ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತು. ನಾನು ಆ ಅಕ್ಕರೆಯನ್ನು ಹೇಗೆ ಬಳಸಿಕೊಂಡೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಪ್ರತಿ ವರ್ಷ ಆಂತರಿಕ ಪರೀಕ್ಷೆಯಲ್ಲಿ ಅವರ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. 'ಜಾಗತಿಕ ಸಂಸ್ಥೆಗಳ ಸುಧಾರಣೆಗೆ ಪ್ರಬಲ ರಾಷ್ಟ್ರವೊಂದು ನೇತೃತ್ವ ವಹಿಸಬೇಕೆ? ಚರ್ಚಿಸಿ.' ಪ್ರಶ್ನೆ ಮೊದಲೇ ಗೊತ್ತಿದ್ದರೂ ಯಾರಿಗೂ ಹೆಚ್ಚು ಅಂಕ ಬೀಳುತ್ತಿರಲಿಲ್ಲ. ವಹಿಸಬೇಕು ಎಂದು ಬರೆದರೆ, ಬಲವಿದ್ದವನು ತನ್ನ ಅನುಕೂಲಕ್ಕೆ ತಕ್ಕಂತೆ ರಿಪೇರಿ ಮಾಡುತ್ತಾನೆ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ವಹಿಸಬಾರದು ಎಂದವರಿಗೆ, ಹಾಗಾದರೆ ಬಲವಿಲ್ಲದವನ ಮಾತು ಯಾರು ಕೇಳುತ್ತಾರೆ ಎಂಬ ಟಿಪ್ಪಣಿ. ಹದಿನೈದಕ್ಕೆ ಎಂಟು ದಾಟಿದವರಿರಲಿಲ್ಲ.

ನಾನು ಉತ್ತರದ ಬಗ್ಗೆ ಯೋಚಿಸಲಿಲ್ಲ, ಅವರ ಬಗ್ಗೆ ಯೋಚಿಸಿದೆ. ಪಾಠದಲ್ಲಿ ಎಲ್ಲಿಯಾದರೂ ಒಬ್ಬರು ತಮ್ಮ ಕೈಯಲ್ಲಿದ್ದುದನ್ನು ತಾವಾಗಿ ಬಿಟ್ಟುಕೊಟ್ಟ ಪ್ರಸಂಗ ಬಂದರೆ ಅವರ ದನಿ ಒದ್ದೆಯಾಗುವುದನ್ನು ನಾನು ಗಮನಿಸಿದ್ದೆ. ಆ ನಾಡಿ ಹಿಡಿದು ಬರೆದೆ. ಪ್ರಬಲ ರಾಷ್ಟ್ರವೇ ನೇತೃತ್ವ ವಹಿಸಬೇಕು, ಆದರೆ ತನ್ನ ವೀಟೊ ಎಂಬ ನಿಷೇಧಾಧಿಕಾರವನ್ನು ಮೊದಲು ತಾನೇ ಬಿಟ್ಟುಕೊಟ್ಟು. ಯಾರಾದರೂ ಒಬ್ಬರು ಮೊದಲು ಬಿಟ್ಟರೆ ಉಳಿದವರಿಗೆ ಹಿಡಿದುಕೊಂಡಿರಲು ನಾಚಿಕೆಯಾಗುತ್ತದೆ. ಹೀಗೆ ಎರಡು ಪುಟ. ಹದಿಮೂರು ಅಂಕ ಬಂತು. ಉತ್ತರವನ್ನು ತರಗತಿಗೆ ಓದಿ ಹೇಳಿದರು, ಓದುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಶಿಫಾರಸಿನಿಂದಲೇ ನಾನು ಎಂ.ಎ. ಓದಿದೆ, ಮುಂದೆ ಕಮಲಾಪುರದ ಕಾಲೇಜಿನಲ್ಲಿ ಅದೇ ವಿಷಯ ಹೇಳುವ ಕೆಲಸಕ್ಕೂ ಸೇರಿದೆ.

ಆ ಉತ್ತರವನ್ನು ನಾನು ಒಂದು ಗಳಿಗೆಯೂ ನಂಬಿರಲಿಲ್ಲ. ಮನೆಯಲ್ಲಿ ಅಂಕದ ಸುದ್ದಿ ಹೇಳಿದೆ, ಏನು ಬರೆದೆ ಎಂದು ಅಪ್ಪ ಕೇಳಿದಾಗ ಅದನ್ನೂ ಹೇಳಿದೆ. ಅಪ್ಪ ಬೀಡಿ ಹಚ್ಚುತ್ತಿದ್ದವನು ಕಡ್ಡಿ ಆರಿಸಿ ನಕ್ಕು, "ಟವಲಿನ ಕೆಳಗ ನಾಚಿಕಿ ಕಾಣ್ತದೇನೋ ತಮ್ಮಾ?" ಎಂದ. ನನಗೂ ಹಾಗೆಯೇ ಅನಿಸಿತ್ತು. ಹದಿಮೂರು ಅಂಕ ಬಂದಮೇಲೆ ಅದನ್ನು ಯಾರಿಗೆ ಹೇಳುವುದು?

ಇನ್ನು ವಾಚನಾಲಯದ ಮಾತು. ನಿಜಾಮರ ಆಳ್ವಿಕೆ ಮುಗಿದ ಹೊಸದರಲ್ಲಿ ಬ್ರಹ್ಮಪುರದ ಐದು ಮನೆತನಗಳು ಸೇರಿ ಕಟ್ಟಿದ್ದು ಅದು. ನಿಯಮಾವಳಿ ಬರೆದವರು ಮೇಷ್ಟ್ರ ತಂದೆ. ಉರ್ದುವಿನಲ್ಲಿ ವಕೀಲಿ ಮಾಡುತ್ತಿದ್ದ ವೈಷ್ಣವ ವಕೀಲರು. ಲೋಕದ ದೊಡ್ಡ ದೇಶಗಳೆಲ್ಲ ಕೂಡಿ ಇನ್ನು ಯುದ್ಧ ಬೇಡವೆಂದು ಒಂದು ಸಂಸ್ಥೆ ಕಟ್ಟಿದ್ದನ್ನು ಅವರು ಹೈದರಾಬಾದಿನ ಪತ್ರಿಕೆಯಲ್ಲಿ ಓದಿ ಬಹಳ ಮೆಚ್ಚಿಕೊಂಡಿದ್ದರಂತೆ. ಎಷ್ಟು ಮೆಚ್ಚಿಕೊಂಡರೆಂದರೆ, ಅದರ ನಿಯಮವನ್ನು ಎತ್ತಿ ತಂದು ನಾಲ್ಕು ಕಪಾಟು, ಎರಡು ಉದ್ದ ಮೇಜಿನ ವಾಚನಾಲಯಕ್ಕೆ ಹಾಕಿಬಿಟ್ಟರು. ಸದಸ್ಯರು ಎಷ್ಟೇ ಜನ ಇರಲಿ, ಎಂಥ ನಿರ್ಣಯವೇ, ಠರಾವೇ ಪಾಸಾಗಲಿ, ಸ್ಥಾಪಕರ ಐದು ಮನೆಗಳಲ್ಲಿ ಯಾವುದೇ ಒಂದು ಮನೆಯವರು 'ನಾಮಂಜೂರು' ಎಂದರೆ ಅದು ಅಲ್ಲಿಗೆ ಮುಗಿಯಿತು. ಈ ನಿಯಮವನ್ನು ತೆಗೆಯಬೇಕಾದರೂ ಐದೂ ಮನೆಯವರು ಒಪ್ಪಬೇಕು. ಲೋಕದಲ್ಲಿ ಇನ್ನೆಲ್ಲೂ ಯಾವ ವಾಚನಾಲಯಕ್ಕೂ ಇಂಥ ನಿಯಮ ಇರಲಿಕ್ಕಿಲ್ಲ. ತಮ್ಮ ತಂದೆ ಕಾನೂನಿನಲ್ಲಿ ಹುಲಿ, ಭಕ್ತಿಯಲ್ಲಿ ಮಾತ್ರ ಕೂಸು ಎಂದು ಮೇಷ್ಟ್ರು ನಗುತ್ತಿದ್ದರು.

ನಗು ತರಗತಿಯಲ್ಲಿ ಮಾತ್ರ. ವಾಚನಾಲಯದಲ್ಲಿ ಆ ನಿಯಮ ಅವರ ಜೀವ ಹಿಂಡಿತ್ತು. ಎರಡನೆಯ ಪತ್ರಿಕೆ ತರಿಸೋಣ ಎಂದರೆ ಒಂದು ಮನೆಯವರ ನಾಮಂಜೂರು. ಸೋರುವ ಮಾಳಿಗೆ ರಿಪೇರಿಗೆ ಇನ್ನೊಂದು ಮನೆಯವರ ನಾಮಂಜೂರು, ಯಾಕೆಂದರೆ ಹಿಂದಿನ ಸಲ ಮೊದಲ ಮನೆಯವರು ಇವರದನ್ನು ತಡೆದಿದ್ದರು. ಪಕ್ಕದ ಓಣಿಯ ಟೇಲರ್ ಒಬ್ಬರ ಮಗಳು ನಸೀಮಾ. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ಎರಡು ಕೋಣೆಯ ಮನೆಯಲ್ಲಿ ಮೂರು ಹೊಲಿಗೆ ಯಂತ್ರ ದಿನವಿಡೀ ಓಡುತ್ತಿದ್ದವು. ಓದಲು ಅವಳಿಗಿದ್ದದ್ದು ವಾಚನಾಲಯದ ಕಿಟಕಿ ಪಕ್ಕದ ಮೇಜೊಂದೇ. ಅದೂ ಐದು ಗಂಟೆಗೆ ಮುಚ್ಚುತ್ತಿತ್ತು. ಸಂಜೆ ಎಂಟರವರೆಗೆ ಹೆಣ್ಣುಮಕ್ಕಳಿಗೆ ಒಂದು ಮೇಜು ಬಿಡಬೇಕು ಎಂದು ಅವಳು ಅರ್ಜಿ ಕೊಟ್ಟಳು. ಸಾಮಾನ್ಯ ಸದಸ್ಯರೆಲ್ಲ ಕೈ ಎತ್ತಿದರು. ಗಂಜಿನಲ್ಲಿ ಕಾಳು ದಲಾಲಿಯ ಅಡತಿ ಅಂಗಡಿ ಇದ್ದ ಮನೆತನದ ಯಜಮಾನರು ಕಾರಣ ಕೂಡ ಹೇಳದೆ ನಾಮಂಜೂರು ಎಂದರು. ನಸೀಮಾ ಅರ್ಜಿಯನ್ನು ಮಡಿಸಿ ಪುಸ್ತಕದಲ್ಲಿಟ್ಟುಕೊಂಡು ಹೋದಳು. ಆ ರಾತ್ರಿ ಮೇಷ್ಟ್ರು ಊಟ ಬಿಟ್ಟರೆಂದು ಅವರ ಸೊಸೆ ನನಗೆ ಆಮೇಲೆ ಹೇಳಿದರು.

ಅದೇ ಯಜಮಾನರು ಕಟ್ಟಡ ಕೆಡವಿ ಅಂಗಡಿ ಮಳಿಗೆ ಕಟ್ಟುವ ಠರಾವನ್ನು ಮೂರು ಸಲ ತಂದಿದ್ದರು. ಉಳಿದ ಮೂರು ಮನೆಯವರಿಗೂ ಒಳಗೊಳಗೆ ಸಮ್ಮತಿಯಿತ್ತು. ಮೂರು ಸಲವೂ ಅದನ್ನು ತಡೆದದ್ದು ಮೇಷ್ಟ್ರ ಒಂದೇ ಒಂದು ನಾಮಂಜೂರು. ಯಾವ ನಿಯಮ ಅವರ ಜೀವ ಹಿಂಡುತ್ತಿತ್ತೋ ಅದೇ ನಿಯಮ ವಾಚನಾಲಯವನ್ನು ಉಳಿಸಿತ್ತು. ಇದು ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ನಿವೃತ್ತರಾದ ಮೇಲೆ ವರ್ಷಕ್ಕೊಮ್ಮೆ ಅವರನ್ನು ಕಮಲಾಪುರಕ್ಕೆ ಕರೆಸಿ ನನ್ನ ವಿದ್ಯಾರ್ಥಿಗಳಿಗೆ ಒಂದು ಪಾಠ ಹೇಳಿಸುತ್ತಿದ್ದೆ. ಸಂಭಾವನೆ ಮುಟ್ಟುತ್ತಿರಲಿಲ್ಲ, ಒಂದು ಡಜನ್ ಕೆಂಪು ಬಾಳೆಹಣ್ಣು ಮಾತ್ರ ಒಪ್ಪುತ್ತಿದ್ದರು. ಅವುಗಳಲ್ಲೂ ಎರಡು ಮೂರನ್ನು ನಿಲ್ದಾಣದಲ್ಲೇ ತಿಂದು ಮುಗಿಸುವರು. ಆ ವರ್ಷ ಜಗತ್ತಿನಲ್ಲಿ ಒಂದು ಕಡೆ ಮಕ್ಕಳ ಮೇಲೆ ಬಾಂಬು ಬೀಳುತ್ತಿತ್ತು. ಯುದ್ಧ ನಿಲ್ಲಿಸಿ ಎಂಬ ಠರಾವಿಗೆ ಭದ್ರತಾ ಮಂಡಳಿಯಲ್ಲಿ ಹದಿನಾಲ್ಕು ಕೈ ಎದ್ದರೂ ಒಂದು ಕೈ ಬೇಡವೆಂದಿದ್ದರಿಂದ ಅದು ಬಿದ್ದುಹೋದದ್ದನ್ನು ಅವರು ಟಿ.ವಿ.ಯಲ್ಲಿ ನೋಡಿ ಬಂದಿದ್ದರು. ಪಾಠದಲ್ಲಿ ಅದೇ ಮಾತು. ಮುಗಿದ ಮೇಲೆ ನಿಲ್ದಾಣದ ಚಹಾದಂಗಡಿಯಲ್ಲಿ ಕೂತೆವು. ಬಸಿಯಲ್ಲಿ ಚಹಾ ಆರುತ್ತಿತ್ತು.

"ನಿನ್ನ ಉತ್ತರ ನೆನಪದ ಏನು?" ಎಂದರು.

ಯಾವ ಉತ್ತರ ಎಂದು ಕೇಳುವ ಅಗತ್ಯವಿರಲಿಲ್ಲ. ಅದ ರೀ ಸರ್ ಎಂದೆ.

"ಇಷ್ಟು ವರ್ಷ ಅದನ್ನ ಬ್ಯಾರೆ ಹುಡುಗರಿಗೆ ಓದಿ ಹೇಳ್ದೆ. ದೊಡ್ಡ ದೇಶಕ್ಕ ಹೇಳ್ಲಿಕ್ಕೆ ನಾ ಯಾರು? ನನ್ನ ಕೈಯಾಗ ಒಂದು ಸಣ್ಣ ನಾಮಂಜೂರು ಅದ. ಜಾಗಾ ನಮ್ಮಪ್ಪ ಕೊಟ್ಟದ್ದು, ಐದೂ ಮನಿಯಾಗ ನಂದೇ ಮಾತು ಜೋರು. ಅಂದಮ್ಯಾಲ ಮೊದಲು ನಾನೇ ಬಿಡಬೇಕಲ್ಲ. ಬಿಟ್ಟು ನೋಡ್ತೀನಿ."

ಉಳಿದ ನಾಲ್ವರನ್ನೂ ಅವರು ಆಗಲೇ ಮನೆಮನೆಗೆ ಹೋಗಿ ಕಂಡಿದ್ದರು. ನೀವು ಮೊದಲು ಬಿಡಿ, ನಾವು ಹಿಂದೆಯೇ ಬರುತ್ತೇವೆ ಎಂದು ನಾಲ್ವರೂ ಚಹಾ ಕೊಟ್ಟು ಹೇಳಿದ್ದರಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಈಗಲೂ ಮರೆಯಲಾರೆ. ಎಪ್ಪತ್ತು ದಾಟಿದ ಮನುಷ್ಯ ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಕೂತಿದ್ದರು.

ನಾನು ಬೇಡವೆನ್ನಬೇಕಿತ್ತು. ಸರ್, ಆ ಉತ್ತರ ನಾನು ನಿಮ್ಮನ್ನು ಒಲಿಸಿಕೊಳ್ಳಲು ಬರೆದದ್ದು, ನಮ್ಮಪ್ಪನೇ ಅದಕ್ಕೆ ನಕ್ಕಿದ್ದ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಪ್ಪತ್ತು ವರ್ಷದ ಹಿಂದಿನ ನನ್ನ ಎರಡು ಪುಟವನ್ನು ಒಬ್ಬ ದೊಡ್ಡ ಮನುಷ್ಯ ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾನಲ್ಲ ಎಂದು ನಾನು ಒಳಗೆ ಉಬ್ಬಿಹೋಗಿದ್ದೆ. "ಚಲೋ ವಿಚಾರ ರೀ ಸರ್" ಎಂದೆ. ಅವರು ಆರಿದ ಚಹಾ ಕುಡಿದು, ಈ ಸಲ ಮುಖ ಸಿಂಡರಿಸದೆ ಎದ್ದರು.

ಆ ಸಭೆಗೆ ನಾನೂ ಹೋಗಿದ್ದೆ. ನಾನೂ ಸಾಮಾನ್ಯ ಸದಸ್ಯ. ಮೇಷ್ಟ್ರು ಎದ್ದು ನಿಂತು, ತಮ್ಮ ಮನೆತನ ನಾಮಂಜೂರಿನ ಹಕ್ಕನ್ನು ಇಂದಿನಿಂದ ಬಿಟ್ಟುಕೊಟ್ಟಿದೆ ಎಂದು ಬರೆದ ಕಾಗದ ಓದಿ ಸಹಿ ಮಾಡಿದರು. ಚಪ್ಪಾಳೆ ಬಿತ್ತು. ಅಡತಿ ಯಜಮಾನರು ತಾವೇ ಎದ್ದುಬಂದು ಶಾಲು ಹೊದಿಸಿ, ಇಂಥ ದೊಡ್ಡ ಮನಸ್ಸು ಈ ಕಾಲದಲ್ಲಿ ಯಾರಿಗಿದೆ ಎಂದು ಹೊಗಳಿದರು. ಆಮೇಲೆ ಎಲ್ಲರಿಗೂ ಸುಸಲಾ, ಭಜಿ. ಮೇಷ್ಟ್ರು ಕೈಯಲ್ಲಿ ಪೆನ್ನು ಹಿಡಿದು ಉಳಿದ ನಾಲ್ವರ ಕಡೆ ನೋಡುತ್ತಲೇ ಇದ್ದರು. ಮನೆಯಲ್ಲಿ ಅಣ್ಣತಮ್ಮಂದಿರನ್ನು ಕೇಳಬೇಕು ಎಂದರು ಒಬ್ಬರು. ಒಳ್ಳೆಯ ದಿನ ನೋಡಿ ಮಾಡೋಣ ಎಂದರು ಇನ್ನೊಬ್ಬರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಸೀಮಾ ಮಾತ್ರ ಭಜಿ ಮುಟ್ಟಿರಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, "ಸರ್, ಇನ್ನ ಅವ್ರು ಮಳಿಗಿ ಠರಾವ್ ತಂದ್ರ ಬ್ಯಾಡ ಅನ್ನೋರು ಯಾರ್ರೀ?" ಎಂದು ಕೇಳಿದಳು. ಅವಳಿಗೆ ಪರೀಕ್ಷೆಯಲ್ಲಿ ನಾನಾಗಿದ್ದರೆ ಹದಿನೈದಕ್ಕೆ ಹದಿನೈದು ಕೊಡುತ್ತಿದ್ದೆ. ಅಂದು ಹಾಗೇನೂ ಆಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಮುಂದಿನ ಸಭೆಯ ಮೊದಲ ಠರಾವೇ ಮಳಿಗೆಯದು. ಅಷ್ಟರಲ್ಲಿ ಸದಸ್ಯರ ಪಟ್ಟಿಗೆ ಗಂಜಿನ ಕಡೆಯ ಹೊಸ ಹೆಸರುಗಳು ಸೇರಿದ್ದವು. ಕೈಗಳು ಎದ್ದವು. ನಾಲ್ಕು ಮನೆಯವರಲ್ಲಿ ಯಾರೂ ನಾಮಂಜೂರು ಎನ್ನಲಿಲ್ಲ. ಮೇಷ್ಟ್ರು ಎದ್ದು ನಿಂತರು. ಅಭ್ಯಾಸಬಲದಿಂದ ಬಾಯಿ ತೆರೆದರು. ಆಮೇಲೆ ನೆನಪಾಗಿರಬೇಕು. ಮೆಲ್ಲಗೆ ಬಲಗೈ ಎತ್ತಿ, ವಿರುದ್ಧ ಮತ ಹಾಕಿದ ಏಳೆಂಟು ಜನರ ಸಾಲಿನಲ್ಲಿ ಅದನ್ನು ಎಣಿಸುವವರೆಗೆ ಹಾಗೇ ಹಿಡಿದು ನಿಂತರು. ನನ್ನ ಕೈಯೂ ಎದ್ದಿತ್ತು. ಆ ಕೈಗೆ ಅರ್ಥವಿರಲಿಲ್ಲ. ಅಡತಿ ಯಜಮಾನರು ವಿನಯದಿಂದ, "ಮಾಸ್ತರ, ನೀವೇ ಹಾಕಿಕೊಟ್ಟ ಹಾದಿರೀ, ಬಹುಮತ" ಎಂದರು.

ಮುಂಗಾರಿಗೆ ಮುಂಚೆಯೇ ಕಟ್ಟಡ ಕೆಡವಿದರು. ನಾಲ್ಕು ಕಪಾಟು ಪುಸ್ತಕಗಳಲ್ಲಿ ಮೂರು ಕಪಾಟು ಮೇಷ್ಟ್ರ ಮನೆಯ ಪಡಸಾಲೆಗೆ ಬಂದವು. ಉರ್ದು ಪುಸ್ತಕಗಳ ಕಪಾಟು ಯಾರ ಮನೆಗೆ ಹೋಯಿತೋ ತಿಳಿಯಲಿಲ್ಲ. ನಸೀಮಾಗೆ ತಮ್ಮ ಪಡಸಾಲೆಯಲ್ಲೇ ಕೂತು ಓದು ಎಂದು ಮೇಷ್ಟ್ರು ಹೇಳಿಕಳಿಸಿದರು. ಪಡಸಾಲೆ ದೇವರಮನೆಗೆ ಹೊಂದಿಕೊಂಡಿತ್ತು. ಅವಳು ಎರಡು ದಿನ ಬಂದಳು, ಮನೆಯವರಿಗೆಲ್ಲ ತನ್ನಿಂದ ಇಕ್ಕಟ್ಟಾಗುತ್ತಿರುವುದು ಕಂಡು ಮೂರನೆಯ ದಿನ ಬರಲಿಲ್ಲ. ದರ್ಗಾದ ಅಂಗಳದಲ್ಲಿ ಕೆಲವು ತಿಂಗಳು ಓದಿದಳಂತೆ. ಪರೀಕ್ಷೆ ಪಾಸಾಗಲಿಲ್ಲ. ಈಗ ಅದೇ ಮಳಿಗೆಯಲ್ಲಿ ಮೊಬೈಲ್ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ. ಅವಳ ಮೇಜು ಇದ್ದ ಜಾಗದಲ್ಲೇ ಎಂದರೆ ಕಥೆ ಕಟ್ಟಿದಂತಾಗುತ್ತದೆ. ಎರಡು ಅಂಗಡಿ ಆಚೆ.

ಆ ವರ್ಷವೂ ಮೇಷ್ಟ್ರು ಕಮಲಾಪುರಕ್ಕೆ ಬಂದರು. ನಾನು ಕರೆಯಲು ಹಿಂಜರಿದಿದ್ದೆ, ಅವರೇ ಫೋನು ಮಾಡಿ ಯಾವಾಗ ಬರಲಿ ಎಂದು ಕೇಳಿದರು. ಹೆಗಲ ಮೇಲೆ ಟವಲಿರಲಿಲ್ಲ. ಪಾಠವನ್ನು ಕೂತೇ ಮಾಡಿದರು, ತಾರೀಖು ತಪ್ಪಿದರು. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಅಂದಮೇಲೆ ಬಲವುಳ್ಳ ದೇಶ ಸುಧಾರಣೆಗೆ ಮುಂದಾಗಬೇಕೋ ಬೇಡವೋ ಹೇಳಿ ಎಂದು ಕೇಳಿದಳು. ನಾನೇ ಕಲಿಸಿದ್ದ ಪ್ರಶ್ನೆ.

ಅವರು ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದರು. "ಬಲ ಇಟ್ಕೊಂಡು ಸುಧಾರಣಾ ಮಾಡಾಕ ಹೋದ್ರ ಅದು ಅಂವನ ಮನಿ ಆಗ್ತದವ್ವ. ಬಲ ಬಿಟ್ಟು ಮಾಡಾಕ ಹೋದ್ರ ಬಿಡದೇ ಇದ್ದವ್ರ ಮನಿ ಆಗ್ತದ. ಏನೂ ಮಾಡ್ಲಿಲ್ಲಂದ್ರ ಮಾಳಿಗಿ ಸೋರಕೋತ ಇರ್ತದ. ಇಷ್ಟ ನನಗ ತಿಳಿದದ್ದು. ಉತ್ತರ ಗೊತ್ತಿಲ್ಲ. ಗೊತ್ತಿಲ್ಲದ ಪ್ರಶ್ನಿಗೆ ಮೂವತ್ತು ವರ್ಷ ಮಾರ್ಕ್ಸ್ ಹಾಕೀನಿ."

ಹುಡುಗಿ ಅದನ್ನು ನೋಟ್ಸ್ ಎಂದುಕೊಂಡು ಬರೆದುಕೊಂಡಳು. ಬಸ್ ನಿಲ್ದಾಣದಲ್ಲಿ ಹಣ್ಣು ಕೊಡಿಸಿದೆ. ಒಂದೂ ಸುಲಿಯಲಿಲ್ಲ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ಪಕ್ಕ ಕೂತರು. ಬಸ್ಸು ಹೊರಟಾಗ ನಾನು ಕೈ ಎತ್ತಿದೆ. ಅವರು ನೋಡಲಿಲ್ಲ.

ಆರು ತಿಂಗಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಕಳೆದ ತಿಂಗಳು ನೋಡಲು ಹೋದಾಗ ಪಡಸಾಲೆಯಲ್ಲಿ ವಾಚನಾಲಯದ ಕಪಾಟುಗಳ ನಡುವೆ ಮಂಚ ಹಾಕಿದ್ದರು. ಎಚ್ಚರವಾಗಿದ್ದಾರೆ, ಎಲ್ಲ ತಿಳಿಯುತ್ತದೆ, ಎಡಗೈ ಆಡುತ್ತದೆ ಎಂದು ಸೊಸೆ ಹೇಳಿ ಚಹಾಕ್ಕೆ ಒಳಗೆ ಹೋದರು. ಟಿ.ವಿ. ಶಬ್ದವಿಲ್ಲದೆ ನಡೆದಿತ್ತು. ಮತ್ತೊಂದು ಊರು ಉರಿಯುತ್ತಿತ್ತು, ಉದ್ದ ಮೇಜಿನ ಸುತ್ತ ಕೂತವರು ಕೈ ಎತ್ತುತ್ತಿದ್ದರು. ನಾನು ಸ್ಟೂಲನ್ನು ಎಡಗಡೆಗೆ ಎಳೆದುಕೊಂಡು ಕೂತೆ.

ಅವರ ಕಣ್ಣು ನನ್ನ ಮೇಲಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. "ಸರ್, ಆ ಉತ್ತರ ನಾ ನಂಬಿ ಬರದಿದ್ದಿಲ್ರೀ. ನಿಮಗ ಖುಷಿ ಆಗ್ಲಿ, ಮಾರ್ಕ್ಸ್ ಬೀಳ್ಲಿ ಅಂತ ಬರದೆ. ನೀವು ಹಕ್ಕು ಬಿಡ್ತೀನಿ ಅಂದಾಗೂ ಬಾಯಿ ಬಿಡ್ಲಿಲ್ಲ. ಈಗ ಅದನ್ನ ವಾಪಸ್ ತಗೋತೀನ್ರೀ ಸರ್." ಇಪ್ಪತ್ತು ವರ್ಷ ತಡವಾಗಿ, ತಿರುಗಿ ಬೈಯಲು ಬಾಯಿಲ್ಲದ ಮನುಷ್ಯನ ಮುಂದೆ, ಹೇಡಿಯ ಹಾಗೆ ಹೇಳಿದೆ. ನನ್ನ ಕೈ ಮಂಚದ ಮೇಲಿತ್ತು.

ಹೊದಿಕೆಯ ಕೆಳಗಿನಿಂದ ಅವರ ಎಡಗೈ ಮೆಲ್ಲಗೆ ಸರಿದು ಬಂತು. ನನ್ನ ಕೈ ತಡಕಿತು. ನನ್ನ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಿತು. ಒಂದೊಂದೇ ಬೆರಳನ್ನು ಮುಟ್ಟಿ ದಾಟಿ, ಹೆಬ್ಬೆರಳಿಗೆ ಬಂದು, ಅದನ್ನು ಮುಷ್ಟಿಯಲ್ಲಿ ಹಿಡಿಯಿತು.

ನಾಮಂಜೂರು. ಯಾವುದಕ್ಕೆ ಎಂದು ಕೇಳಿದೆ. ನನ್ನ ತಪ್ಪೊಪ್ಪಿಗೆ ನಾಮಂಜೂರೋ, ಉತ್ತರ ವಾಪಸು ತೆಗೆದುಕೊಳ್ಳುವುದು ನಾಮಂಜೂರೋ ಎಂದು ಎರಡು ಸಲ ಕೇಳಿದೆ. ಕಣ್ಣು ಮಿಟುಕಿಸಲಿಲ್ಲ. ಸೊಸೆ ಚಹಾ ತಂದು ಸ್ಟೂಲಿನ ಪಕ್ಕ ಇಟ್ಟರು. ಅದು ಆರಿತು. ಗಂಜಿನಲ್ಲಾದರೆ ಬೇಡವೆಂದವನು ಕೈ ಹೊರಗೆ ತೆಗೆಯುತ್ತಾನೆ. ಅವರು ತೆಗೆಯಲಿಲ್ಲ. ಕಮಲಾಪುರದ ಕೊನೆಯ ಬಸ್ಸಿನ ಹೊತ್ತಾಯಿತು ಎಂದು ಸೊಸೆ ನೆನಪು ಮಾಡಿ, ಬಾಗಿ, ಅವರ ಬೆರಳನ್ನು ಒಂದೊಂದಾಗಿ ಬಿಡಿಸುವವರೆಗೂ ನನ್ನ ಹೆಬ್ಬೆರಳು ಅವರ ಮುಷ್ಟಿಯಲ್ಲೇ ಇತ್ತು.